ಹಳೆಯ ಪಿಕಪ್‌ನ ಅಡಿಯಿಂದ ಬರುವ ಗುರುತು ಸಿಗದ ಸದ್ದು: ಮೂಲ ಪತ್ತೆಹಚ್ಚುವ ಸಮಗ್ರ ಮಾರ್ಗದರ್ಶಿ

ಸೆಕೆಂಡ್ ಹ್ಯಾಂಡ್ ಪಿಕಪ್ ಕೊಂಡು ಮನೆಗೆ ತರುವ ದಿನ ಕಿವಿಗೆ ಬೀಳದ ಸದ್ದು, ವಾರ ಕಳೆದ ಮೇಲೆ ಖಾಲಿ ಗಾಡಿಯಲ್ಲಿ ಒಬ್ಬರೇ ಹೊರಟಾಗ ಕೇಳಿಸಲು ತೊಡಗುತ್ತದೆ. ಗಂಟೆಗೆ 45 ಕಿಲೋಮೀಟರ್ ದಾಟಿದೊಡನೆ ಹಿಂದಿನಿಂದ ‘ಗುಂಯ್’ ಎಂಬ ನಾದ ಏಳುತ್ತದೆ, 60 ದಾಟಿದರೆ ಅಡಗುತ್ತದೆ. ಕೆಲವು ಗಾಡಿಗಳಲ್ಲಿ ಆಕ್ಸಲರೇಟರ್ ಬಿಟ್ಟಾಗ ‘ಟಕ್’ ಎಂದು ಏಟು ಬಿದ್ದಂತಾಗುತ್ತದೆ. ಇನ್ನು ಕೆಲವು ನಿಧಾನವಾಗಿ ಹೊರಡುವಾಗ ಹಕ್ಕಿಮರಿ ಕೂಗಿದಂತೆ ‘ಕಿಚ್ ಕಿಚ್’ ಎನ್ನುತ್ತವೆ. ಇವೆಲ್ಲ ಒಂದೇ ಕಡೆಯಿಂದ ಬಂದಂತೆ ಕೇಳಿಸಿದರೂ ಮೂಲಗಳು ಬೇರೆ ಬೇರೆ, ತಗಲುವ ಖರ್ಚೂ ಬೇರೆ ಬೇರೆ.

ನಾನು ಮೂರನೆಯ ಒಡೆಯನಾಗಿ ಕೊಂಡ ಪಿಕಪ್‌ಗೂ ಇಂಥದೇ ಕಾಟವಿತ್ತು. ಮೀಟರ್ 1,40,000 ಕಿಲೋಮೀಟರ್ ತೋರಿಸುತ್ತಿತ್ತು. ಗಾಡಿ ಅದುವರೆಗೆ ತಿಪಟೂರಿನ ಕಡೆ ತೆಂಗಿನಕಾಯಿ, ಕೊಬ್ಬರಿ ಹೊತ್ತು ದುಡಿದಿತ್ತು. ಮೊದಲು ತೋರಿಸಿದ ಗ್ಯಾರೇಜಿನಲ್ಲಿ ಹಿಂದಿನ ಹಬ್ ಬೇರಿಂಗ್ (ಗಾಲಿಯನ್ನು ಹೊತ್ತು ತಿರುಗಿಸುವ ಬೇರಿಂಗ್) ಹೋಗಿದೆ ಎಂದರು. ಎರಡೂ ಬದಿಯವನ್ನು ಬದಲಿಸಿದೆವು, ಸದ್ದು ಕದಲಲಿಲ್ಲ. ಎರಡನೆಯ ಗ್ಯಾರೇಜಿನಲ್ಲಿ ಕ್ರೌನ್ ಪಿನಿಯನ್ (ಶಾಫ್ಟಿನ ಸುತ್ತನ್ನು ಹಿಂದಿನ ಗಾಲಿಗಳಿಗೆ ದಾಟಿಸುವ ಗೇರ್ ಜೋಡಿ) ಹಾಕಬೇಕೆಂದು ಹೇಳಿ ಅದು ಕೂತಿರುವ ಹೌಸಿಂಗ್ ಬಿಚ್ಚಲು ಸಿದ್ಧರಾದರು. ಅಲ್ಲಿಗೆ ನಾನು ಕೆಲಸ ನಿಲ್ಲಿಸಿ ಗಾಡಿಯನ್ನು ಮನೆಗೆ ತಂದೆ. ಎರಡು ಕಡೆಯವರೂ ಸದ್ದನ್ನು ಕೇಳಿದ್ದರು. ಅದು ಯಾವುದರ ಜೊತೆ ಏರುತ್ತದೆ, ಯಾವುದರ ಜೊತೆ ಇಳಿಯುತ್ತದೆ ಎಂಬುದನ್ನು ಮಾತ್ರ ಯಾರೂ ನೋಡಿರಲಿಲ್ಲ. ಮುಂದೆ ಹೇಳುವ ಕ್ರಮವೆಲ್ಲ ಆ ಒಂದು ಪ್ರಶ್ನೆಯ ಮೇಲೆ ನಿಂತಿದೆ: ಸದ್ದು ಎಂಜಿನ್ನಿನ ಸುತ್ತನ್ನು ಹಿಂಬಾಲಿಸುತ್ತಿದೆಯೇ, ಗೇರ್ ಬಾಕ್ಸಿನಿಂದ ಹಿಂದಕ್ಕೆ ಹೋಗುವ ಪ್ರೊಪೆಲ್ಲರ್ ಶಾಫ್ಟಿನ ಸುತ್ತನ್ನೇ, ಗಾಲಿಯ ಸುತ್ತನ್ನೇ, ಅಥವಾ ಇವೆಲ್ಲಕ್ಕಿಂತ ಹೆಚ್ಚಾಗಿ ಹೊರೆಯನ್ನೇ?

ಶಕ್ತಿ ಸಾಗುವ ದಾರಿ

ನಮ್ಮ ರಸ್ತೆಗಳಲ್ಲಿ ಓಡುವ ಬೊಲೆರೊ ಪಿಕಪ್, ಟಾಟಾ ಯೋಧ, ಇಸುಜು ಡಿ-ಮ್ಯಾಕ್ಸ್ ಮೊದಲಾದ ಗಾಡಿಗಳ ಮೂಲ ರಚನೆ ಹೆಚ್ಚುಕಡಿಮೆ ಒಂದೇ. ಎಂಜಿನ್ ಮುಂದಿದೆ, ಓಡಿಸುವ ಗಾಲಿಗಳು ಹಿಂದಿವೆ, ಹಿಂದಿನ ಹೌಸಿಂಗ್ ಕಮಾನು ಪ್ಲೇಟುಗಳ ಮೇಲೆ ಕೂತಿದೆ. ಶಕ್ತಿಯು ಕ್ಲಚ್ಚಿನಿಂದ ಗೇರ್ ಬಾಕ್ಸಿಗೆ, ಅಲ್ಲಿಂದ ಪ್ರೊಪೆಲ್ಲರ್ ಶಾಫ್ಟಿಗೆ, ಶಾಫ್ಟಿನಿಂದ ಪಿನಿಯನ್‌ಗೆ, ಪಿನಿಯನ್‌ನಿಂದ ಕ್ರೌನ್ ವ್ಹೀಲಿಗೆ, ಕೊನೆಗೆ ಎರಡು ಆಕ್ಸಲ್ ಶಾಫ್ಟುಗಳ ಮೂಲಕ ಗಾಲಿಗಳಿಗೆ ಹೋಗುತ್ತದೆ. ಉದ್ದನೆಯ ಗಾಡಿಗಳಲ್ಲಿ ಪ್ರೊಪೆಲ್ಲರ್ ಶಾಫ್ಟ್ ಎರಡು ತುಂಡುಗಳಾಗಿದ್ದು, ನಡುವೆ ರಬ್ಬರಿನಲ್ಲಿ ಕೂರಿಸಿದ ಸೆಂಟರ್ ಬೇರಿಂಗ್ ಇರುತ್ತದೆ. ಶಾಫ್ಟ್ ಮಡಚಿಕೊಳ್ಳುವ ಒಂದೊಂದು ಕಡೆಯೂ ಒಂದು ಕ್ರಾಸ್ (ಯೂನಿವರ್ಸಲ್ ಜಾಯಿಂಟ್) ಇದೆ. ಹೌಸಿಂಗ್ ಮೇಲೆ ಕೆಳಗೆ ಆಡುವಾಗ ಶಾಫ್ಟ್ ಉದ್ದವಾಗಿ ಗಿಡ್ಡವಾಗಲು ಸ್ಪ್ಲೈನ್ (ಉದ್ದಕ್ಕೆ ಕೊರೆದ ಹಲ್ಲುಗಳು) ಇರುವ ಜಾರು ಜೋಡಣೆ ಇದೆ.

ಈ ಸಾಲಿನಲ್ಲಿ ಗೇರ್ ಬಾಕ್ಸಿನ ಹಿಂದಿನ ತುದಿಯೇ ಗಡಿ. ಅದರ ಮುಂದಿನದೆಲ್ಲ ಎಂಜಿನ್ನಿನ ಸುತ್ತಿಗೂ ಗೇರಿಗೂ ಬದ್ಧವಾಗಿದೆ, ಹಿಂದಿನದೆಲ್ಲ ಗಾಡಿಯ ವೇಗಕ್ಕೆ ಮಾತ್ರ ಬದ್ಧವಾಗಿದೆ. ಸದ್ದು ಗಡಿಯ ಯಾವ ಕಡೆಗಿದೆ ಎಂದು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ.

ಪಾನಾ ಹಿಡಿಯುವ ಮೊದಲು

ಒಂದು ಹಾಳೆಯಲ್ಲಿ ಸದ್ದಿನ ಗುಣಗಳನ್ನು ಬರೆದಿಡಿ. ಅದು ಗುಂಯ್‌ಗುಡುತ್ತದೆಯೇ, ಕೊರೆಯುತ್ತದೆಯೇ, ಬಡಿಯುತ್ತದೆಯೇ, ಕಿರುಚುತ್ತದೆಯೇ. ಯಾವ ವೇಗದಲ್ಲಿ ಹುಟ್ಟಿ ಯಾವ ವೇಗದಲ್ಲಿ ಅಡಗುತ್ತದೆ. ಆಕ್ಸಲರೇಟರ್ ಒತ್ತಿದಾಗಲೇ, ಬಿಟ್ಟಾಗಲೇ, ಎರಡರಲ್ಲೂ ಸಮವಾಗಿದೆಯೇ. ಖಾಲಿ ಗಾಡಿಯಲ್ಲೋ, ಹೊರೆ ಇದ್ದಾಗಲೋ. ಬೆಳಗಿನ ತಣ್ಣನೆಯ ಗಾಡಿಯಲ್ಲೋ, 20 ಕಿಲೋಮೀಟರ್ ಓಡಿದ ಮೇಲೋ. ಹಾಳೆಯಲ್ಲಿ ಬರೆಯಿರಿ ಎಂದು ಒತ್ತಿ ಹೇಳಲು ಕಾರಣವಿದೆ. ನಾಲ್ಕು ದಿನ ಕೇಳಿದ ಸದ್ದು ಮನಸ್ಸಿನಲ್ಲಿ ತನ್ನಷ್ಟಕ್ಕೇ ಬದಲಾಗುತ್ತದೆ, ಮತ್ತು ಯಾರಾದರೂ ‘ಬೇರಿಂಗ್’ ಎಂದ ಮೇಲೆ ನಿಮ್ಮ ಕಿವಿಗೂ ಬೇರಿಂಗೇ ಕೇಳಿಸತೊಡಗುತ್ತದೆ.

ಗೇರು, ಬೇರಿಂಗುಗಳಿಗೆ ಸಂಬಂಧವೇ ಇಲ್ಲದ ಕೆಲವು ಮೋಸಗಾರ ಸದ್ದುಗಳನ್ನು ಆರಂಭದಲ್ಲೇ ಬದಿಗಿಡಬೇಕು. ಸೈಲೆನ್ಸರ್ ಪೈಪು ಚಾಸಿಗೆ ತಾಗುವುದು, ಹ್ಯಾಂಡ್ ಬ್ರೇಕಿನ ಕೇಬಲ್ ಜೋತು ಶಾಫ್ಟಿಗೆ ಉಜ್ಜುವುದು, ಬಾಡಿಯ ಬೋಲ್ಟು ಸಡಿಲವಾಗಿ ಡಾಲಾ ನಡುಗುವುದು, ಬ್ರೇಕ್ ಡ್ರಮ್ಮಿಗೂ ಅದರ ಹಿಂದಿನ ತಗಡಿಗೂ ನಡುವೆ ಸಣ್ಣ ಕಲ್ಲು ಸಿಕ್ಕಿಕೊಳ್ಳುವುದು, ಇವೆಲ್ಲ ಗಾಡಿಯ ಕೆಳಗೆ ಹತ್ತು ನಿಮಿಷ ಕಣ್ಣಾಡಿಸಿದರೆ ಸಿಗುವ ದೋಷಗಳು. ಸ್ಟೆಪ್ನಿ, ಜಾಕಿ, ಹಗ್ಗ, ತಾಡಪಾಲು ಎಲ್ಲವನ್ನೂ ಇಳಿಸಿ ಒಮ್ಮೆ ಓಡಿಸಿ ನೋಡಿ. ಜಾಕಿಯ ಹಿಡಿಯೊಂದು ಸೀಟಿನ ಹಿಂದೆ ಕುಣಿದದ್ದಕ್ಕೆ ಗೇರ್ ಬಾಕ್ಸ್ ಇಳಿಸಿದವರನ್ನು ನಾನು ಬಲ್ಲೆ.

ನಿಂತ ಗಾಡಿಯ ಪರೀಕ್ಷೆ

ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ನ್ಯೂಟ್ರಲ್‌ನಲ್ಲಿಟ್ಟು ಎಂಜಿನ್ ಚಾಲೂ ಮಾಡಿ. ಕ್ಲಚ್ ಪೆಡಲಿನಿಂದ ಕಾಲು ತೆಗೆದಾಗ ಗೇರ್ ಬಾಕ್ಸಿನ ಒಳಗೆ ಕ್ಲಚ್ಚಿನಿಂದ ಶಕ್ತಿ ತರುವ ಇನ್‌ಪುಟ್ ಶಾಫ್ಟೂ ಅದು ತಿರುಗಿಸುವ ಲೇ ಶಾಫ್ಟೂ ತಿರುಗುತ್ತಿರುತ್ತವೆ. ಪೆಡಲನ್ನು ಪೂರ್ತಿ ಒತ್ತಿದರೆ ಅವು ನಿಲ್ಲುತ್ತವೆ. ಕಾಲು ತೆಗೆದಾಗ ಇದ್ದ ಗೊರಗೊರ ಸದ್ದು ಪೆಡಲ್ ಒತ್ತಿದೊಡನೆ ನಿಂತರೆ ಇನ್‌ಪುಟ್ ಶಾಫ್ಟಿನ ಬೇರಿಂಗನ್ನೋ ಲೇ ಶಾಫ್ಟಿನ ಬೇರಿಂಗನ್ನೋ ಅನುಮಾನಿಸಬೇಕು. ತದ್ವಿರುದ್ಧವಾಗಿ, ಪೆಡಲ್ ಒತ್ತಲು ತೊಡಗಿದಾಗಲೇ ಸದ್ದು ಹುಟ್ಟಿದರೆ ಅದು ಹೆಚ್ಚಾಗಿ ಕ್ಲಚ್ಚನ್ನು ಬಿಡಿಸುವ ರಿಲೀಸ್ ಬೇರಿಂಗಿನದು. ಗೇರ್ ಹಾಕಿ ಕ್ಲಚ್ ಒತ್ತಿಟ್ಟು ನಿಂತಾಗ ಮಾತ್ರ ಕೊರೆಯುವ ಸದ್ದು ಬಂದರೆ, ಫ್ಲೈವ್ಹೀಲಿನ ನಡುವೆ ಇನ್‌ಪುಟ್ ಶಾಫ್ಟಿನ ಮೂಗನ್ನು ಹಿಡಿದಿರುವ ಪೈಲಟ್ ಬೇರಿಂಗನ್ನೂ ಪಟ್ಟಿಗೆ ಸೇರಿಸಿಕೊಳ್ಳಿ.

ನಿಂತ ಗಾಡಿಯಲ್ಲಿ ಯಾವ ಸದ್ದೂ ಇಲ್ಲದಿದ್ದರೆ ಗೇರ್ ಬಾಕ್ಸ್ ಚೆನ್ನಾಗಿದೆ ಎಂದು ತೀರ್ಮಾನಿಸಬೇಡಿ. ಎಂಜಿನ್ನಿನ ಎಳೆತದ ಹೊರೆ ಬೀಳದ ಗೇರುಗಳು ಸುಮ್ಮನಿರುತ್ತವೆ.

ರಸ್ತೆಯ ಪರೀಕ್ಷೆ

ಇದಕ್ಕೆ ಬೆಳಗಿನ ಜಾವದ, ವಾಹನ ಸಂಚಾರವಿಲ್ಲದ, ನೇರವೂ ಮಟ್ಟಸವೂ ಆದ ಎರಡು ಮೂರು ಕಿಲೋಮೀಟರ್ ರಸ್ತೆ ಬೇಕು. ಸದ್ದನ್ನು ಕೇಳುವುದಕ್ಕೆ ಪಕ್ಕದಲ್ಲಿ ಒಬ್ಬರಿರಲಿ. ಓಡಿಸುವವರು ರಸ್ತೆಯನ್ನು ಮಾತ್ರ ನೋಡಲಿ.

ಮೊದಲನೆಯದು ನ್ಯೂಟ್ರಲ್ ಪರೀಕ್ಷೆ. ಸದ್ದು ಚೆನ್ನಾಗಿ ಕೇಳಿಸುವ ವೇಗಕ್ಕೆ ಬಂದ ಮೇಲೆ ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ತನ್ನಿ, ಎಂಜಿನ್ ಸಣ್ಣಗೆ ಓಡುತ್ತಿರಲಿ, ಗಾಡಿ ತನ್ನ ಓಟದಲ್ಲೇ ಸಾಗಲಿ. ಯಾವ ಕಾರಣಕ್ಕೂ ಚಾವಿ ತಿರುಗಿಸಿ ಎಂಜಿನ್ ಆರಿಸಬಾರದು: ಬ್ರೇಕಿನ ಬೂಸ್ಟರೂ ಪವರ್ ಸ್ಟೇರಿಂಗೂ ಕೈಕೊಡುತ್ತವೆ, ಚಾವಿ ತೆಗೆದರೆ ಸ್ಟೇರಿಂಗೇ ಬಿಗಿದುಕೊಳ್ಳಬಹುದು. ಇಳಿಜಾರಿನಲ್ಲಿ ಈ ಪರೀಕ್ಷೆ ಮಾಡಲೇಬಾರದು. ನ್ಯೂಟ್ರಲ್‌ಗೆ ತಂದೊಡನೆ ಸದ್ದು ನಿಂತರೆ ದೋಷ ಗಡಿಯ ಮುಂದಿನದಾಗಿರಬಹುದು, ಅಥವಾ ಹೊರೆ ಬಿದ್ದಾಗ ಮಾತ್ರ ಕೂಗುವ ಕ್ರೌನ್ ಪಿನಿಯನ್‌ನದಾಗಿರಬಹುದು. ಸದ್ದು ಹಾಗೇ ಮುಂದುವರಿದು ವೇಗ ತಗ್ಗಿದಂತೆ ತಗ್ಗಿದರೆ, ಎಂಜಿನ್, ಕ್ಲಚ್ಚು, ಗೇರ್ ಬಾಕ್ಸಿನ ಮುಂಭಾಗಗಳನ್ನು ನೆಮ್ಮದಿಯಿಂದ ಪಟ್ಟಿಯಿಂದ ತೆಗೆದುಹಾಕಬಹುದು. ನನ್ನ ಗಾಡಿಯಲ್ಲಿ ಅದು ಹಾಗೇ ಮುಂದುವರಿಯಿತು.

ಎರಡನೆಯದು ಗೇರ್ ಬದಲಿಸುವ ಪರೀಕ್ಷೆ. ಒಂದೇ ವೇಗವನ್ನು 3, 4, 5ನೆಯ ಗೇರುಗಳಲ್ಲಿ ಕಾಯ್ದುಕೊಂಡು ಓಡಿಸಿ. ಎಂಜಿನ್ನಿನ ಸುತ್ತು ಬದಲಾಗುತ್ತದೆ, ಹಿಂದಿನ ಶಾಫ್ಟಿನದು ಬದಲಾಗುವುದಿಲ್ಲ. ಸದ್ದಿನ ಸ್ಥಾಯಿ ಗೇರಿನೊಂದಿಗೆ ಏರಿಳಿದರೆ ಮೂಲ ಮುಂದಿದೆ. ಮೂರರಲ್ಲೂ ಒಂದೇ ಆಗಿದ್ದರೆ ಹಿಂದಿದೆ. ಇಲ್ಲಿ ಇನ್ನೊಂದು ಸುಳಿವು ಸಿಗುತ್ತದೆ. 5 ಗೇರುಗಳ ಹಿಂಬದಿ ಚಾಲನೆಯ ಬಹುತೇಕ ಗಾಡಿಗಳಲ್ಲಿ 4ನೆಯದು ನೇರ ಗೇರು. ಅದರಲ್ಲಿ ಶಕ್ತಿಯು ಲೇ ಶಾಫ್ಟನ್ನು ಬಳಸದೆ ಇನ್‌ಪುಟ್‌ನಿಂದ ಔಟ್‌ಪುಟ್‌ಗೆ ನೇರವಾಗಿ ಹೋಗುತ್ತದೆ. ಉಳಿದ ಗೇರುಗಳಲ್ಲಿ ಕೂಗುವ ಗೇರ್ ಬಾಕ್ಸ್ 4ರಲ್ಲಿ ತಣ್ಣಗಾದರೆ ಲೇ ಶಾಫ್ಟನ್ನೂ ಅದರ ಬೇರಿಂಗುಗಳನ್ನೂ ನೋಡಿ. ಒಂದೇ ಒಂದು ಗೇರಿನಲ್ಲಿ ಮಾತ್ರ ಸದ್ದಿದ್ದರೆ ಆ ಗೇರಿನ ಹಲ್ಲುಗಳು ಸವೆದಿವೆ ಎಂದು ಊಹಿಸಬಹುದು.

ಮೂರನೆಯದು ಹೊರೆಯ ಪರೀಕ್ಷೆ. ಅದೇ ವೇಗದಲ್ಲಿ ಆಕ್ಸಲರೇಟರನ್ನು ಒತ್ತಿ, ಬಿಡಿ, ಆಮೇಲೆ ಗಾಡಿ ಎಳೆಯದೆಯೂ ತಡೆಯದೆಯೂ ತೇಲುವಷ್ಟು ಮಾತ್ರ ಹಿಡಿದಿಡಿ. ಒತ್ತಿದಾಗ ಕೂಗಿ ಬಿಟ್ಟಾಗ ಸುಮ್ಮನಾದರೆ ಕ್ರೌನ್ ಪಿನಿಯನ್ ಹಲ್ಲುಗಳು ಮುಂದೊತ್ತುವ ಮುಖದಲ್ಲಿ ಕೆಟ್ಟಿವೆ, ಇಲ್ಲವೆ ಅವುಗಳ ಹೊಂದಾಣಿಕೆ ತಪ್ಪಿದೆ. ಬಿಟ್ಟಾಗ ಹೆಚ್ಚು ಕೂಗಿದರೆ, ಅದರಲ್ಲೂ ಘಾಟಿ ಇಳಿಯುವಾಗ ಎಂಜಿನ್ ಬ್ರೇಕಿನಲ್ಲಿ ಕೂಗಿದರೆ, ಪಿನಿಯನ್ ಬೇರಿಂಗಿನ ಬಿಗಿ ಹೋಗಿರುವ ಸಾಧ್ಯತೆ ಹೆಚ್ಚು. ಮೂರೂ ಸ್ಥಿತಿಗಳಲ್ಲಿ ಒಂದೇ ಸಮನೆ ಇದ್ದರೆ ಬೇರಿಂಗು, ಟೈರು, ಶಾಫ್ಟು ಇವುಗಳ ಕಡೆ ತಿರುಗಬೇಕು.

ನಾಲ್ಕನೆಯದು ತಿರುವಿನ ಪರೀಕ್ಷೆ. ಎಡಕ್ಕೆ ತಿರುಗುವಾಗ ಗಾಡಿಯ ಭಾರ ಬಲಗಾಲಿಗಳ ಮೇಲೆ ವಾಲುತ್ತದೆ. ಆಗ ಗುಂಯ್‌ಕಾರ ಹೆಚ್ಚಿದರೆ ಬಲಬದಿಯ ಹಬ್ ಬೇರಿಂಗನ್ನೂ, ಬಲಕ್ಕೆ ತಿರುಗಿದಾಗ ಹೆಚ್ಚಿದರೆ ಎಡಬದಿಯದನ್ನೂ ಅನುಮಾನಿಸಬೇಕು. ನೇರ ಓಟದಲ್ಲಿ ಸುಮ್ಮನಿದ್ದು ಕಿರಿದಾದ ತಿರುವಿನಲ್ಲಿ ಮಾತ್ರ ಕಟಕಟ ಎಂದರೆ ಕ್ರೌನ್ ವ್ಹೀಲಿನೊಂದಿಗೆ ತಿರುಗುವ ಡಿಫರೆನ್ಷಿಯಲ್ಲಿನ ಒಳಗಿನ ಸಣ್ಣ ಗೇರುಗಳನ್ನು ನೋಡಬೇಕು, ಏಕೆಂದರೆ ಎರಡು ಗಾಲಿಗಳು ಬೇರೆ ಬೇರೆ ವೇಗದಲ್ಲಿ ತಿರುಗುವಾಗ ಮಾತ್ರ ಅವುಗಳಿಗೆ ಕೆಲಸ.

ಕೊನೆಯದು ಟೈರಿನದು, ಮತ್ತು ಹೆಚ್ಚಿನವರು ಮರೆಯುವುದು ಇದನ್ನೇ. ಏರಿಳಿತವಾಗಿ ಸವೆದ ಟೈರಿನ ಗುಂಯ್‌ಕಾರ ಹಬ್ ಬೇರಿಂಗಿನ ಗುಂಯ್‌ಕಾರದಷ್ಟೇ ಗಂಭೀರವಾಗಿ ಕೇಳಿಸುತ್ತದೆ. ಆದರೆ ಟೈರು ರಸ್ತೆಯ ಮೈಗೆ ತಕ್ಕಂತೆ ರಾಗ ಬದಲಿಸುತ್ತದೆ: ಶಿರಾಡಿ ಘಾಟಿಯ ಕಾಂಕ್ರೀಟಿನಿಂದ ಡಾಂಬರಿಗೆ ಇಳಿದೊಡನೆ ಸದ್ದು ಬೇರೆಯಾದರೆ ಅದು ಟೈರೇ. ಬೇರಿಂಗಿಗೆ ಕಾಂಕ್ರೀಟಾದರೇನು, ಡಾಂಬರಾದರೇನು. ಅನುಮಾನ ಉಳಿದರೆ ಅಂಗೈಯನ್ನು ಟೈರಿನ ಮೈಮೇಲೆ ಎರಡೂ ದಿಕ್ಕಿಗೆ ಸವರಿ ನೋಡಿ, ಒಂದು ದಿಕ್ಕಿಗೆ ನಯವಾಗಿ ಇನ್ನೊಂದು ದಿಕ್ಕಿಗೆ ಗರಗಸದಂತೆ ತಾಗುತ್ತದೆಯೇ ಎಂದು ಗಮನಿಸಿ. ಆಮೇಲೆ ಹಿಂದಿನ ಟೈರುಗಳನ್ನು ಮುಂದಕ್ಕೆ ಹಾಕಿ ಅದೇ ರಸ್ತೆಯಲ್ಲಿ ಓಡಿಸಿ. ಸದ್ದು ಟೈರಿನ ಜೊತೆ ಮುಂದಕ್ಕೆ ಬಂದರೆ ವಿಚಾರಣೆ ಅಲ್ಲಿಗೆ ಮುಗಿಯಿತು.

ಮೊಬೈಲು ಮತ್ತು ಸ್ವಲ್ಪ ಲೆಕ್ಕ

ಗಡಿಯ ಹಿಂದಿನ ಭಾಗಗಳೆಲ್ಲ ಗಾಡಿಯ ವೇಗಕ್ಕೆ ಬದ್ಧವಾಗಿದ್ದರೂ ಒಂದೊಂದರ ಸುತ್ತು ಬೇರೆ. ಆ ವ್ಯತ್ಯಾಸವನ್ನು ಹಿಡಿದುಕೊಡುವುದು ಲೆಕ್ಕ. ಇದು ಗ್ಯಾರೇಜುಗಳಲ್ಲಿ ಅಪರೂಪವಾಗಿ ನಡೆಯುವ ಕೆಲಸ, ಆದರೆ ಶಾಲೆಯ ಗಣಿತಕ್ಕಿಂತ ಹೆಚ್ಚಿನದೇನೂ ಬೇಡ.

ಮೊಬೈಲಿನ ಜಿಪಿಎಸ್ ನೋಡಿ ಗಂಟೆಗೆ 54 ಕಿಲೋಮೀಟರ್ ವೇಗ ಹಿಡಿಯಿರಿ; ಗಾಡಿಯ ಮೀಟರ್ ಸಾಮಾನ್ಯವಾಗಿ ಸ್ವಲ್ಪ ಹೆಚ್ಚು ತೋರಿಸುತ್ತದೆ. 54 ಎಂದರೆ ಸೆಕೆಂಡಿಗೆ ಸರಿಯಾಗಿ 15 ಮೀಟರ್. 215/75 ಆರ್ 15 ಅಳತೆಯ ಟೈರಿನ ಸುತ್ತಳತೆ ಸುಮಾರು 2.2 ಮೀಟರ್, ಆದ್ದರಿಂದ ಗಾಲಿ ಸೆಕೆಂಡಿಗೆ ಸುಮಾರು 6.8 ಸುತ್ತು ಹಾಕುತ್ತದೆ. ಕ್ರೌನ್ ವ್ಹೀಲಿನಲ್ಲಿ 41, ಪಿನಿಯನ್‌ನಲ್ಲಿ 10 ಹಲ್ಲುಗಳಿವೆ ಎಂದಿಟ್ಟುಕೊಂಡರೆ ಅನುಪಾತ 4.1 ಆಗುತ್ತದೆ, ಶಾಫ್ಟು ಸೆಕೆಂಡಿಗೆ ಸುಮಾರು 28 ಸುತ್ತು ತಿರುಗುತ್ತದೆ. ಪಿನಿಯನ್‌ನ 10 ಹಲ್ಲುಗಳು ಒಂದೊಂದು ಸುತ್ತಿಗೂ ಕ್ರೌನಿಗೆ ತಾಗುವುದರಿಂದ ಹಲ್ಲಿನ ನಾದ ಸೆಕೆಂಡಿಗೆ ಸುಮಾರು 280 ಕಂಪನಗಳಷ್ಟು, ಅಂದರೆ 280 ಹರ್ಟ್ಜ್. ನಿಮ್ಮ ಗಾಡಿಯ ಹಲ್ಲಿನ ಸಂಖ್ಯೆಯನ್ನೂ ಟೈರಿನ ಅಳತೆಯನ್ನೂ ಕೈಪಿಡಿಯಿಂದ ತೆಗೆದುಕೊಂಡು ಇದೇ ಲೆಕ್ಕವನ್ನು ಮಾಡಿಕೊಳ್ಳಬೇಕು.

ಕ್ರಾಸಿಗೆ ಮಾತ್ರ ಇನ್ನೊಂದು ಸ್ವಭಾವವಿದೆ. ಕೋನದಲ್ಲಿ ಬಾಗಿರುವ ಒಂದು ಕ್ರಾಸು ತಾನು ಪಡೆದ ಸುತ್ತನ್ನು ಹಾಗೇ ದಾಟಿಸುವುದಿಲ್ಲ. ಒಂದು ಸುತ್ತಿನಲ್ಲಿ ಎರಡು ಬಾರಿ ವೇಗ ಹೆಚ್ಚಿಸಿ ಎರಡು ಬಾರಿ ತಗ್ಗಿಸುತ್ತದೆ. ಇನ್ನೊಂದು ತುದಿಯಲ್ಲಿ ಅಷ್ಟೇ ಕೋನದಲ್ಲಿ ಕೂತ ಕ್ರಾಸು ಈ ಏರಿಳಿತವನ್ನು ತೊಡೆದುಹಾಕಬೇಕು. ಅದು ಆಗದಿದ್ದಾಗ ಹುಟ್ಟುವ ನಡುಕ ಶಾಫ್ಟಿನ ಸುತ್ತಿನ ಇಮ್ಮಡಿಯಾಗಿರುತ್ತದೆ, ನಮ್ಮ ಲೆಕ್ಕದಲ್ಲಿ 56 ಹರ್ಟ್ಜ್.

ಈಗ ಸದ್ದಿನ ಕಂಪನಗಳನ್ನು ಪಟ್ಟೆಪಟ್ಟೆಯಾಗಿ ತೋರಿಸುವ ಆ್ಯಪ್ ಒಂದನ್ನು ಮೊಬೈಲಿಗೆ ಹಾಕಿಕೊಂಡು, ಪಕ್ಕದವರ ಕೈಗೆ ಕೊಟ್ಟು, 54ರಲ್ಲಿ ಅರ್ಧ ನಿಮಿಷ ಓಡಿಸಿ. ಸಣ್ಣ ಸಂಖ್ಯೆಯ ನಡುಕಗಳಿಗೆ ಮೊಬೈಲಿನ ಮೈಕಿಗಿಂತ ಅದರೊಳಗಿನ ಕಂಪನ ಸಂವೇದಕವನ್ನು ಓದುವ ಆ್ಯಪ್ ಹೆಚ್ಚು ನಂಬಿಕೆಯದು. ಮೊಬೈಲನ್ನು ಸೀಟಿನ ಮೇಲಲ್ಲ, ಸೀಟಿನ ಕಬ್ಬಿಣದ ಹಳಿಗೆ ಒತ್ತಿ ಹಿಡಿಯಬೇಕು. 7 ಹರ್ಟ್ಜ್‌ನ ಹತ್ತಿರ ಪಟ್ಟೆ ಶಿಖರದಂತೆ ಎದ್ದು ಕಂಡರೆ ಗಾಲಿ, ಟೈರು, ಡ್ರಮ್ಮು. 28ರಲ್ಲಿ ಕಂಡರೆ ಶಾಫ್ಟಿನ ಬ್ಯಾಲೆನ್ಸ್ ತಪ್ಪಿದೆ. 56ರಲ್ಲಿ ಕಂಡರೆ ಕ್ರಾಸುಗಳ ಕೋನ. 280ರಲ್ಲಿ ಕಂಡರೆ ಕ್ರೌನ್ ಪಿನಿಯನ್ ಹಲ್ಲು. ಹಾಳಾದ ಬೇರಿಂಗು ಹೀಗೆ ಒಂದು ಶಿಖರಕ್ಕೆ ನಿಲ್ಲದೆ ಅಗಲವಾಗಿ ಹರಡಿದ ಗೊರಗೊರವಾಗಿ ಕಾಣುವುದೇ ಹೆಚ್ಚು. ನನ್ನ ಗಾಡಿಯ ಶಿಖರ 56ರ ಆಸುಪಾಸಿನಲ್ಲಿ ನಿಂತಿತ್ತು. ಕ್ರೌನ್ ಪಿನಿಯನ್‌ನ ಬೆಲೆ ಕೇಳಿದ್ದ ನನಗೆ ಆ ಬೆಳಿಗ್ಗೆ ಆದ ಸಮಾಧಾನ ಅಷ್ಟಿಷ್ಟಲ್ಲ.

ಗಾಡಿಯ ಅಡಿಯಲ್ಲಿ

ಎಂಜಿನ್ ಆರಿಸಿ, ನಾಲ್ಕೂ ಗಾಲಿಗಳು ನೆಲದ ಮೇಲಿರುವಂತೆ, ಗಾಲಿಗಳ ಮುಂದೆ ಹಿಂದೆ ಅಡೆ ಇಟ್ಟು, ನ್ಯೂಟ್ರಲ್‌ನಲ್ಲಿ ಕೆಳಗೆ ಹೋಗಿ. ಒಂದೊಂದು ಕ್ರಾಸಿನ ಎರಡೂ ಬದಿಗಳನ್ನು ಎರಡು ಕೈಗಳಲ್ಲಿ ಹಿಡಿದು ಎದುರುಬದುರಾಗಿ ತಿರುಚಿ. ಕ್ರಾಸಿನಲ್ಲಿ ಕಣ್ಣಿಗೆ ಕಾಣುವಷ್ಟು ಪ್ಲೇ (ಸಡಿಲ ಅಲುಗಾಟ) ಇರಲೇಬಾರದು. ಕ್ರಾಸಿನ ತುದಿಗಳನ್ನು ಮುಚ್ಚುವ ಕಪ್ಪುಗಳ (ಸಣ್ಣ ಬಟ್ಟಲುಗಳ) ಅಂಚಿನಲ್ಲಿ ತುಕ್ಕಿನ ಕೆಂಪು ಪುಡಿ ಕಂಡರೆ ಒಳಗಿನ ಸೂಜಿ ಬೇರಿಂಗುಗಳು ಗ್ರೀಸಿಲ್ಲದೆ ಒಣಗಿವೆ; ನಿಧಾನ ವೇಗದ ‘ಕಿಚ್ ಕಿಚ್’ ಸದ್ದಿಗೆ ಇದೇ ಮೊದಲ ಕಾರಣ. ನಿಪ್ಪಲ್ ಇರುವ ಕ್ರಾಸಿಗೆ ಗ್ರೀಸ್ ಹೊಡೆದಾಗ ನಾಲ್ಕೂ ಕಪ್ಪುಗಳಿಂದ ಹೊಸ ಗ್ರೀಸ್ ಹೊರಬರಬೇಕು. ಒಂದರಿಂದ ಬರದಿದ್ದರೆ ಆ ಕಪ್ಪು ಹಸಿದೇ ಇದೆ ಎಂದರ್ಥ. ಗ್ರೀಸಿನಿಂದ ಸದ್ದು ನಾಲ್ಕು ದಿನ ನಿಂತು ಮತ್ತೆ ಬಂದರೆ ಕ್ರಾಸ್ ಬದಲಿಸಿ.

ಸೆಂಟರ್ ಬೇರಿಂಗಿನ ಬಳಿ ಶಾಫ್ಟನ್ನು ಮೇಲೆ ಕೆಳಗೆ ಎತ್ತಿ ನೋಡಿ. ಸುತ್ತಲಿನ ರಬ್ಬರು ಸ್ವಲ್ಪ ಬಾಗುವುದು ಸಹಜ, ಆದರೆ ಹರಿದಿರಬಾರದು, ಶಾಫ್ಟು ಜೋತಿರಬಾರದು. ರಬ್ಬರು ಹರಿದ ಗಾಡಿ ಹೊರೆ ಹೊತ್ತು ಮೊದಲ ಗೇರಿನಲ್ಲಿ ಹೊರಡುವಾಗ ಮೈಯೆಲ್ಲ ನಡುಗುತ್ತದೆ, ವೇಗ ಹಿಡಿದ ಮೇಲೆ ಸುಮ್ಮನಾಗುತ್ತದೆ. ಇದನ್ನು ಕ್ಲಚ್ ಪ್ಲೇಟಿನ ನಡುಕವೆಂದು ತಿಳಿದು ಗೇರ್ ಬಾಕ್ಸ್ ಇಳಿಸುವುದು ಸಾಮಾನ್ಯವಾದ, ದುಬಾರಿಯಾದ ತಪ್ಪು.

ಶಾಫ್ಟಿನ ಮೈಮೇಲೆ ಬೆಸೆದ ಚಿಕ್ಕ ತಗಡಿನ ಬ್ಯಾಲೆನ್ಸ್ ತುಂಡುಗಳು ಇರುತ್ತವೆ. ತುಂಡು ಕಳಚಿ ಹೋದ ಕಲೆ, ಶಾಫ್ಟಿಗೆ ಕಲ್ಲು ಬಡಿದ ತಗ್ಗು, ಒಣಗಿ ಅಂಟಿಕೊಂಡ ಮಣ್ಣಿನ ಹೆಂಟೆ, ಇವೆಲ್ಲ 28ರ ಶಿಖರಕ್ಕೆ ಕಾರಣಗಳು. ಅದೇ ರೀತಿ ಒಂದೇ ಶಾಫ್ಟಿನ ಎರಡು ತುದಿಗಳ ಯೋಕುಗಳು (ಕ್ರಾಸನ್ನು ಹಿಡಿಯುವ ಕವೆಗಳು) ತಯಾರಕರು ಕೂರಿಸಿದ ನೇರದಲ್ಲೇ ಇವೆಯೇ ನೋಡಿ. ಹಿಂದೆ ಯಾರೋ ಕ್ರಾಸ್ ಬದಲಿಸುವಾಗ ಸ್ಪ್ಲೈನನ್ನು ಎಳೆದು ಒಂದು ಹಲ್ಲು ಆಚೀಚೆ ಕೂರಿಸಿದ್ದರೆ ಎರಡು ಕ್ರಾಸುಗಳ ಏರಿಳಿತಗಳು ಒಂದನ್ನೊಂದು ತೊಡೆಯುವುದಿಲ್ಲ. ಶಾಫ್ಟ್ ಬಿಚ್ಚುವ ಮೊದಲು ಎಲ್ಲ ಜೋಡಣೆಗಳ ಮೇಲೂ ಬಣ್ಣದ ಗೆರೆ ಎಳೆದುಕೊಳ್ಳಿ ಎಂದು ಹೇಳುವುದು ಇದೇ ಕಾರಣಕ್ಕೆ.

‘ಟಕ್’ ಎಂಬ ಏಟಿನ ಸದ್ದಿಗೆ ಇಲ್ಲಿಯೇ ಉತ್ತರ ಹುಡುಕಬೇಕು. ಮುಂದಿನಿಂದ ರಿವರ್ಸಿಗೆ ಗೇರ್ ಹಾಕುವಾಗ, ಆಕ್ಸಲರೇಟರ್ ಒತ್ತಿ ಬಿಡುವಾಗ ಕೇಳುವ ಏಟು ಎಂದರೆ ಸಾಲಿನಲ್ಲಿ ಎಲ್ಲೆಲ್ಲೋ ಸೇರಿಕೊಂಡ ಪ್ಲೇಗಳ ಮೊತ್ತ: ಕ್ರಾಸಿನದು ಸ್ವಲ್ಪ, ಒಣಗಿದ ಜಾರು ಸ್ಪ್ಲೈನಿನದು ಸ್ವಲ್ಪ, ಕ್ರೌನ್ ಪಿನಿಯನ್‌ನದು ಸ್ವಲ್ಪ, ಆಕ್ಸಲ್ ಸ್ಪ್ಲೈನಿನದು ಸ್ವಲ್ಪ. ಒಬ್ಬರು ಶಾಫ್ಟ್ ಬಂದು ಸೇರುವ ಪಿನಿಯನ್ ಫ್ಲ್ಯಾಂಜನ್ನು ಆಚೀಚೆ ತಿರುಗಿಸಲಿ, ಇನ್ನೊಬ್ಬರು ಗಾಲಿ ಯಾವಾಗ ಕದಲುತ್ತದೆ ನೋಡಲಿ. ಯಾವ ಜಾಗದಲ್ಲಿ ಹೆಚ್ಚು ಚಲನೆ ವ್ಯರ್ಥವಾಗುತ್ತದೋ ಅಲ್ಲಿಂದ ಕೆಲಸ ಆರಂಭಿಸಿ. ಹೌಸಿಂಗನ್ನು ಕಮಾನಿಗೆ ಬಿಗಿಯುವ ಯು ಬೋಲ್ಟುಗಳ ಸಡಿಲ, ಕಮಾನಿನ ನಡುವಿನ ಬೋಲ್ಟು ತುಂಡಾಗಿರುವುದು, ಎಂಜಿನ್ ಮತ್ತು ಗೇರ್ ಬಾಕ್ಸಿನ ಮೌಂಟಿಂಗ್ ರಬ್ಬರು ಒಡೆದಿರುವುದು ಕೂಡ ಇದೇ ಏಟನ್ನು ಕೊಡುತ್ತವೆ.

ಗಾಡಿ ಎತ್ತಿ ಕೇಳುವುದು

ಹಿಂದಿನ ಗಾಲಿಗಳನ್ನು ಎತ್ತಿ ಗೇರಿನಲ್ಲಿ ಓಡಿಸಿ ಕೇಳುವ ಪರೀಕ್ಷೆ ಉಪಯುಕ್ತವೂ ಅಪಾಯಕಾರಿಯೂ ಹೌದು. ಹ್ಯಾಂಡ್ ಬ್ರೇಕ್ ಹಿಂದಿನ ಗಾಲಿಗಳನ್ನೇ ಹಿಡಿಯುವುದರಿಂದ, ಅವು ಗಾಳಿಯಲ್ಲಿದ್ದಾಗ ಗಾಡಿಯನ್ನು ನಿಲ್ಲಿಸಿರುವುದು ಮುಂದಿನ ಗಾಲಿಗಳ ಅಡೆಗಳು ಮಾತ್ರ. ಜಾಕಿಯ ಮೇಲೆ ಬಿಟ್ಟು ಎಂದೂ ಓಡಿಸಬಾರದು; ಗಟ್ಟಿ ಸ್ಟ್ಯಾಂಡುಗಳನ್ನು ಹೌಸಿಂಗಿನ ಎರಡೂ ತುದಿಗಳ ಕೆಳಗೆ ಇಡಬೇಕು. ಚಾಸಿಗೆ ಸ್ಟ್ಯಾಂಡ್ ಕೊಟ್ಟರೆ ಹೌಸಿಂಗ್ ಜೋತು, ಶಾಫ್ಟಿನ ಕೋನ ಹೆಚ್ಚಿ, ಇಲ್ಲದ ನಡುಕ ಹುಟ್ಟುತ್ತದೆ. ಒಂದೇ ಗಾಲಿಯನ್ನು ಎತ್ತಿ ಗೇರಿನಲ್ಲಿ ಓಡಿಸುವುದು ಇನ್ನೂ ಕೆಟ್ಟದ್ದು, ಏಕೆಂದರೆ ಡಿಫರೆನ್ಷಿಯಲ್ ಆ ಒಂದು ಗಾಲಿಯನ್ನು ಮೀಟರ್ ತೋರಿಸುವ ವೇಗದ ಎರಡರಷ್ಟು ತಿರುಗಿಸುತ್ತದೆ. ಗಾಲಿ ತಿರುಗುವಾಗ ಯಾರೂ ಗಾಡಿಯ ಕೆಳಗೆ ಹೋಗಬಾರದು. ಲುಂಗಿ, ಟವೆಲ್ಲು, ಸಡಿಲ ತೋಳು ಶಾಫ್ಟಿನ ಹತ್ತಿರ ಸುಳಿಯಲೇಬಾರದು.

ಎಂಜಿನ್ ಆರಿಸಿಯೇ ಕೈಯಿಂದ ಮಾಡುವ ಪರೀಕ್ಷೆ ಹೆಚ್ಚು ಹೇಳುತ್ತದೆ ಎಂಬುದು ನನ್ನ ಅನುಭವ. ಗಾಲಿಯನ್ನು ನಿಧಾನವಾಗಿ ತಿರುಗಿಸುತ್ತ ಇನ್ನೊಂದು ಕೈಯನ್ನು ಕಮಾನು ಪ್ಲೇಟಿನ ಮೇಲಿಡಿ. ಹಾಳಾದ ಹಬ್ ಬೇರಿಂಗಿನ ಒರಟು ಅಲ್ಲಿ ಕೈಗೆ ಹತ್ತುತ್ತದೆ. ಗಾಲಿಯ ಮೇಲ್ತುದಿ ಕೆಳತುದಿ ಹಿಡಿದು ಅಲುಗಿಸಿ ಪ್ಲೇ ನೋಡಿ. ಓಡಿಸಿ ಬಂದ ಮೇಲೆ ಇನ್‌ಫ್ರಾರೆಡ್ ಥರ್ಮಾಮೀಟರಿನಿಂದ ನಾಲ್ಕೂ ಹಬ್ಬುಗಳನ್ನು ಅಳೆಯಿರಿ. ಒಂದು ಬದಿ ಇನ್ನೊಂದಕ್ಕಿಂತ ಎದ್ದು ಕಾಣುವಷ್ಟು ಬಿಸಿಯಾಗಿದ್ದರೆ ಅಲ್ಲಿ ಬೇರಿಂಗ್ ಕೆಟ್ಟಿದೆ ಅಥವಾ ಬ್ರೇಕ್ ಹಿಡಿದುಕೊಂಡಿದೆ.

ಎಣ್ಣೆ ಹೇಳುವ ಸಾಕ್ಷಿ

ಹೌಸಿಂಗಿನ ಎಣ್ಣೆಯನ್ನು ಬಿಸಿ ಇರುವಾಗಲೇ ಶುಭ್ರವಾದ ತಟ್ಟೆಗೆ ಇಳಿಸಿ. ಡ್ರೇನ್ ಪ್ಲಗ್ಗಿನ ಅಯಸ್ಕಾಂತದ ಮೇಲೆ ಬೂದುಬಣ್ಣದ ನಯವಾದ ಸರಿ ಮೆತ್ತಿದ್ದರೆ ಅದು ಸಹಜ ಸವೆತ. ಬೆರಳಿಗೆ ಚುಚ್ಚುವ ಚೂರುಗಳು, ಹಲ್ಲಿನ ತುಣುಕು, ಬಿಸಿಲಿಗೆ ಹೊಳೆಯುವ ಚಕ್ಕೆಗಳು ಸಹಜವಲ್ಲ. ಎಣ್ಣೆ ಹಾಲು ಬೆರೆಸಿದ ಚಹಾದಂತಿದ್ದರೆ ನೀರು ಸೇರಿದೆ. ಹಳ್ಳ ದಾಟಿ ದುಡಿದ ಮಲೆನಾಡಿನ ಗಾಡಿಗಳಲ್ಲಿ ಇದನ್ನು ಮೊದಲೇ ನಿರೀಕ್ಷಿಸಿ, ಹೌಸಿಂಗಿನ ಮೇಲಿನ ಗಾಳಿಯಾಡುವ ತೂತು ಕಟ್ಟಿದೆಯೇ ನೋಡಿ. ಬಿಸಿಯಾದ ಹೌಸಿಂಗ್ ತಣ್ಣೀರಿಗಿಳಿದಾಗ ಒಳಗಿನ ಗಾಳಿ ಕುಗ್ಗಿ, ತೂತು ಕಟ್ಟಿದ್ದರೆ, ಸೀಲುಗಳ ಸಂದಿನಿಂದ ನೀರನ್ನೇ ಎಳೆದುಕೊಳ್ಳುತ್ತದೆ.

ಎಣ್ಣೆ ಅಸಹಜವಾಗಿ ದಪ್ಪಗಿದ್ದರೆ, ಅದರಲ್ಲಿ ಮರದ ಹೊಟ್ಟಿನಂಥ ನಾರು ಸಿಕ್ಕರೆ, ಮಾರುವ ಮೊದಲು ಸದ್ದು ಮುಚ್ಚಲು ಯಾರೋ ಕೈಚಳಕ ತೋರಿದ್ದಾರೆ. ಹೊಟ್ಟು ಹಾಕಿ ಗೇರಿನ ಕೂಗು ಅಡಗಿಸುವುದು ಬಹಳ ಹಳೆಯ ಕುಯುಕ್ತಿ. ತೊಳೆದು, ಹೌಸಿಂಗಿಗೆ ಕೈಪಿಡಿ ಹೇಳುವ ಜಿಎಲ್-5 ದರ್ಜೆಯ ಎಣ್ಣೆಯನ್ನು ಫಿಲ್ಲರ್ ತೂತಿನ ಮಟ್ಟಕ್ಕೆ ತುಂಬಿ ಮತ್ತೆ ಓಡಿಸಿ ಕೇಳಿ. ಉಳಿದ ಜಿಎಲ್-5 ಎಣ್ಣೆಯನ್ನು ಜಿಎಲ್-4 ಕೇಳುವ ಗೇರ್ ಬಾಕ್ಸಿಗೆ ಸುರಿಯಬೇಡಿ, ಅಲ್ಲಿನ ಹಿತ್ತಾಳೆಯ ಸಿಂಕ್ರೊನೈಜರ್ ರಿಂಗುಗಳಿಗೆ ಅದು ಒಗ್ಗದಿರಬಹುದು.

ಹೌಸಿಂಗ್ ಬಿಚ್ಚಲೇಬೇಕಾದರೆ

280ರ ಶಿಖರ, ಆಕ್ಸಲರೇಟರ್ ಒತ್ತಿದಾಗಿನ ಕೂಗು, ತಟ್ಟೆಯಲ್ಲಿನ ಚೂರುಗಳು, ಈ ಮೂರರಲ್ಲಿ ಎರಡಾದರೂ ಕೂಡಿ ಬಂದಾಗ ಮಾತ್ರ ಕ್ರೌನ್ ಪಿನಿಯನ್‌ಗೆ ಕೈ ಹಾಕಿ. ಅದನ್ನು ಅಳತೆಯ ಡಯಲ್ ಗೇಜ್ ಇರುವ ಕೈಗೇ ಒಪ್ಪಿಸಿ. ಇಂಥ ಹೌಸಿಂಗುಗಳಲ್ಲಿ ಹಲ್ಲುಗಳ ನಡುವಿನ ಪ್ಲೇ ಸಾಮಾನ್ಯವಾಗಿ 0.13ರಿಂದ 0.20 ಮಿಲಿಮೀಟರಿನ ಆಸುಪಾಸಿನಲ್ಲಿರುತ್ತದೆ. ಅಂದಾಜಿನಲ್ಲಿ ಹಿಡಿಯುವ ಅಳತೆ ಅದಲ್ಲ. ಕ್ರೌನೂ ಪಿನಿಯನ್ನೂ ಕಾರ್ಖಾನೆಯಲ್ಲಿ ಜೊತೆಯಾಗಿ ಹೊಂದಿಸಿದ ಜೋಡಿ, ಗುಜರಿಯಿಂದ ಒಂದನ್ನು ಮಾತ್ರ ತಂದು ಹಾಕಿದರೆ ಕೂಗುವುದು ಖಚಿತ.

ಇನ್ನೊಂದು ಪ್ರಶ್ನೆಯನ್ನು ಹಳೆಯ ಮಾಲೀಕರಿಗೆ ಕೇಳಿ: ಪಿನಿಯನ್ನಿನ ಆಯಿಲ್ ಸೀಲ್ ಎಂದಾದರೂ ಬದಲಿಸಿದ್ದೀರಾ? ಅನೇಕ ಹೌಸಿಂಗುಗಳಲ್ಲಿ ಪಿನಿಯನ್ ನಟ್ಟಿನ ಬಿಗಿಯೇ ಒಳಗಿನ ಒಂದು ತೆಳು ಸ್ಲೀವನ್ನು ಕುಗ್ಗಿಸಿ ಬೇರಿಂಗುಗಳ ಒತ್ತಡವನ್ನು ನಿರ್ಧರಿಸುತ್ತದೆ. ಸೀಲ್ ಬದಲಿಸಿದವರು ಆ ನಟ್ಟನ್ನು ಗಾಳಿಯ ಗನ್ನಿನಿಂದ ಕಣ್ಣುಮುಚ್ಚಿ ಬಿಗಿದಿದ್ದರೆ ಬೇರಿಂಗುಗಳು ಕೊರೆಯತೊಡಗುತ್ತವೆ, ಸಡಿಲ ಬಿಟ್ಟಿದ್ದರೆ ಇಳಿಜಾರಿನಲ್ಲಿ ಕೂಗುತ್ತವೆ.

56ರ ಶಿಖರ ಎಲ್ಲಿಗೆ ಒಯ್ದಿತು

ನನ್ನ ಗಾಡಿಯ ಕ್ರಾಸುಗಳಲ್ಲಿ ಪ್ಲೇ ಇರಲಿಲ್ಲ, ಯೋಕುಗಳು ನೇರದಲ್ಲಿದ್ದವು, ಎಣ್ಣೆ ಶುಭ್ರವಾಗಿತ್ತು. ಹಾಳೆಯಲ್ಲಿ ಬರೆದಿಟ್ಟ ಒಂದು ಸಾಲು ಆಗ ಕೈಹಿಡಿಯಿತು: ಹೊರೆ ಹೇರಿದ ದಿನ ಸದ್ದು ಇರುತ್ತಿರಲಿಲ್ಲ. ಕಮಾನುಗಳನ್ನು ಎಣಿಸಿದರೆ ಎರಡೂ ಬದಿಯಲ್ಲಿ ತಲಾ ಎರಡು ಎಕ್ಸ್‌ಟ್ರಾ ಪ್ಲೇಟ್. ಹೆಚ್ಚು ಸರಕು ತುಂಬುವವರು ಇಂಥ ಪ್ಲೇಟು ಹಾಕಿಸುವುದು ನಮ್ಮಲ್ಲಿ ವಾಡಿಕೆ. ಖಾಲಿ ಇರುವಾಗ ಗಾಡಿಯ ಹಿಂಭಾಗ ಮೇಲೆದ್ದು, ಹೌಸಿಂಗ್ ಕೆಳಗುಳಿದು, ಹಿಂದಿನ ಶಾಫ್ಟು ಹೆಚ್ಚು ವಾಲುತ್ತದೆ.

ಕೋನ ಅಳೆಯಲು ಸರ್ವಿಸ್ ಸ್ಟೇಷನ್ನಿನ ಗುಂಡಿ ಬೇಕು, ಏಕೆಂದರೆ ಗಾಡಿಯ ಭಾರ ಗಾಲಿಗಳ ಮೇಲೇ ಇರಬೇಕು. ಇಳಿಜಾರು ಅಳೆಯುವ ಆ್ಯಪ್ ಇರುವ ಮೊಬೈಲನ್ನು ಮುಂದಿನ ಶಾಫ್ಟು, ಹಿಂದಿನ ಶಾಫ್ಟುಗಳ ಮೈಗೆ ಒತ್ತಿ ಓದಿಕೊಳ್ಳಿ. ಪಿನಿಯನ್ ಫ್ಲ್ಯಾಂಜಿನ ಮುಖ ಪಿನಿಯನ್ನಿಗೆ ಲಂಬವಾಗಿರುವುದರಿಂದ ಅಲ್ಲಿ ಸಿಕ್ಕ ಅಂಕೆಯನ್ನು 90ರಿಂದ ಕಳೆಯಿರಿ. ಅಕ್ಕಪಕ್ಕದ ಎರಡು ಭಾಗಗಳು ಒಂದೇ ಕಡೆ ವಾಲಿದ್ದರೆ ಅಂಕೆಗಳ ವ್ಯತ್ಯಾಸ, ಎದುರು ಕಡೆ ವಾಲಿದ್ದರೆ ಮೊತ್ತ, ಅವುಗಳ ನಡುವಿನ ಕ್ರಾಸಿನ ಕೋನ. ಒಂದೊಂದು ಕ್ರಾಸಿನ ಕೋನ 3 ಡಿಗ್ರಿಯ ಒಳಗಿದ್ದು, ಹಿಂದಿನ ಶಾಫ್ಟಿನ ಎರಡು ತುದಿಗಳ ಕೋನಗಳ ನಡುವೆ 1 ಡಿಗ್ರಿಗಿಂತ ಹೆಚ್ಚು ಅಂತರವಿಲ್ಲದಿದ್ದರೆ ಒಳ್ಳೆಯದು. ನನ್ನ ಖಾಲಿ ಗಾಡಿಯಲ್ಲಿ ನಡುವಿನ ಕ್ರಾಸು 6, ಪಿನಿಯನ್ ಕ್ರಾಸು 3.5 ಡಿಗ್ರಿ ತೋರಿಸಿದವು.

ತುಮಕೂರಿನ ಕಮಾನು ಕೆಲಸದವರೊಬ್ಬರು ಅರ್ಧ ದಿನದಲ್ಲಿ ನಾಲ್ಕೂ ಪ್ಲೇಟುಗಳನ್ನು ತೆಗೆದು, ಯು ಬೋಲ್ಟುಗಳನ್ನು ಹೊಸದಾಗಿ ಹಾಕಿ ಬಿಗಿದರು. ಕೋನಗಳು 3ಕ್ಕೂ 2.5ಕ್ಕೂ ಇಳಿದವು. ಮರುದಿನ ಅದೇ ರಸ್ತೆಯಲ್ಲಿ, ಅದೇ ಟೈರಿನ ಗಾಳಿಯಲ್ಲಿ, ಅದೇ 54ರಲ್ಲಿ ಓಡಿಸಿ ನೋಡಿದಾಗ 56ರ ಶಿಖರ ನೆಲಕ್ಕೆ ಹತ್ತಿಕೊಂಡಿತ್ತು. ಯು ಬೋಲ್ಟುಗಳನ್ನು 500 ಕಿಲೋಮೀಟರ್ ಓಡಿದ ಮೇಲೆ ಇನ್ನೊಮ್ಮೆ ಬಿಗಿಸಿದೆ. ಹೊಸ ಬೋಲ್ಟು ಕೂತುಕೊಳ್ಳುವಾಗ ಸಡಿಲವಾಗುವುದರಿಂದ ಇದನ್ನು ತಪ್ಪಿಸಬಾರದು. ಬದಲಿಸಿ ತೆಗೆದಿದ್ದ ಹಳೆಯ ಹಬ್ ಬೇರಿಂಗುಗಳನ್ನು ಡೀಸೆಲ್ಲಿನಲ್ಲಿ ತೊಳೆದು ಬಿಸಿಲಿಗೆ ಹಿಡಿದು ನೋಡಿದೆ. ಒಂದು ಗೀರೂ ಇರಲಿಲ್ಲ. ಗ್ರೀಸ್ ಬಳಿದು, ಬಟ್ಟೆ ಸುತ್ತಿ, ಸೀಟಿನ ಹಿಂದಿನ ಡಬ್ಬದಲ್ಲಿಟ್ಟಿದ್ದೇನೆ.